ವಾರಕ್ಕೆ ಅರ್ಧ ಬಾಟ್ಸೆನ್

ದೇಗಾಂವದ ಕಮಲನಾರಾಯಣ ಗುಡಿಯನ್ನು 12ನೇ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ. ಆದರೆ ಈ ಸೀಮೆಯ ಕ್ರೈಸ್ತ ಸಭೆಗಳನ್ನು ಸಾಕಿದ್ದು ರಾಣಿಯರಲ್ಲ, ಚಿಲ್ಲರೆ ಕಾಸು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಮಿಶನ್ನಿನ ಖರ್ಚು ಬೆಳೆಯಿತು. 1855ರಲ್ಲಿ ಬಾಸೆಲಿನ ರೇಷ್ಮೆ ರಿಬ್ಬನ್ ಉದ್ಯಮಿ ಕಾರ್ಲ್ ಸಾರಾಸಿನ್, ಒಬ್ಬೊಬ್ಬರಿಂದ ವಾರಕ್ಕೆ ಅರ್ಧ ಬಾಟ್ಸೆನ್, ಸುಮಾರು ಐದು ಸೆಂಟಿಮ್, ಎತ್ತುವ ಪದ್ಧತಿ ಹಾಕಿದ. ಬಡವರಿಗೂ ಕೈಗೆಟುಕುವ ಮೊತ್ತ! ಸಭೆಯ ಲೆಕ್ಕ ಬರೆಯುವ ನನಗೆ ಅದರ ಮೇಲೆ ಅಪಾರ ಗೌರವ: ಎಂದೂ ಕಾಣದ ಊರಿನವರಿಗಾಗಿ ವಾರವಾರವೂ ತೆಗೆದಿಟ್ಟ ರೊಕ್ಕವದು. ಹಾಗೆಯೇ ಸುಗ್ಗಿ ಹಬ್ಬಕ್ಕೆ ನಮ್ಮವರೂ ಜೋಳ, ಕುಂಬಳಕಾಯಿ, ಕೋಳಿ ತಂದೊಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಲಿಲಾವು; ಒಂದು ತತ್ತಿಗೂ ಪೈಪೋಟಿಯಿಂದ ಕೂಗುತ್ತಾರೆ. ಬಂದ ರೊಕ್ಕವನ್ನು ಅಂದೇ ಹಿರಿಯರ ಮುಂದೆ ಎಣಿಸಿ ವಹಿಗೆ ಏರಿಸುತ್ತೇನೆ.