ಹನ್ನೆರಡು ವೋಲ್ಟಿನ ದನಿ

ಕಳೆದ ವರ್ಷ ಒಂದು ಸಂಜೆ ನಮ್ಮ ಕಾರಿನ ಸ್ಪೀಕರು ಹಾಡುತ್ತ ಹಾಡುತ್ತಲೇ ಕಮಟು ವಾಸನೆ ಬೀರಿ ಮೂಕವಾಯಿತು. ಅದರ ಬೆನ್ನ ಮೇಲೆ 100 ವಾಟ್ ಎಂದು ಬರೆದಿತ್ತು. ಅದನ್ನು ಹಾಡಿಸುತ್ತಿದ್ದ ರೇಡಿಯೋದ ಮುಖದ ಮೇಲೆ ಇದ್ದುದು ಬರಿಯ 50. ಕೊಳ್ಳುವಾಗ ಅಂಗಡಿಯಾತ, “ಆನೆಯ ಮೇಲೆ ಹುಲ್ಲು ಹೊರೆ ಹೇರಿದ ಹಾಗೆ ಸ್ವಾಮಿ, ಏನೂ ಆಗೋದಿಲ್ಲ” ಎಂದಿದ್ದ. ಹುಲ್ಲು ಹೊರೆಗೆ ಆನೆ ಬಿದ್ದುದು ಹೇಗೆಂದು ಹುಡುಕುತ್ತ ಹೋದವನು ನೂರು ವರ್ಷ ಹಿಂದಕ್ಕೆ ಹೋಗಿ ನಿಂತೆ.

ಕ್ಯಾಲಿಫೋರ್ನಿಯದ ನಾಪಾ ಎಂಬ ಊರಿನಲ್ಲಿ ಡೇನಿಷ್ ಮೂಲದ ಪೀಟರ್ ಜೆನ್ಸನ್ ಮತ್ತು ಅವನ ಸಂಗಾತಿ ಎಡ್ವಿನ್ ಪ್ರಿಡಂ ಇಬ್ಬರೂ ಕೂಡಿ ಕಾಂತದ ನಡುವೆ ತಂತಿಸುರುಳಿಯೊಂದನ್ನು ಕುಣಿಸುವ ಉಪಾಯ ಕಂಡುಕೊಂಡಿದ್ದರು. ಟೆಲಿಫೋನಿಗೆ ಅದು ಯಾರಿಗೂ ಬೇಡವಾಯಿತು. ಬೇಸತ್ತವರು ಅದಕ್ಕೆ ಗ್ರಾಮಫೋನಿನ ಕಹಳೆ ಕಟ್ಟಿದರು. ಊರೆಲ್ಲ ಬೆಚ್ಚಿತು! “ಮಹಾಧ್ವನಿ” ಎಂಬರ್ಥದ ಮ್ಯಾಗ್ನಾವಾಕ್ಸ್ ಎಂಬ ಹೆಸರು ಹುಟ್ಟಿದ್ದು ಹಾಗೆ. 1919ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸುಮಾರು ಐವತ್ತು ಸಾವಿರ ಜನರಿಗೆ ಮಾತಾಡಿದ್ದು ಈ ಕಹಳೆಗಳ ಮೂಲಕವೇ.

1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲಾಗ್ ಕಹಳೆಯನ್ನು ತೆಗೆದುಹಾಕಿ, ಸುರುಳಿಗೆ ಕಾಗದದ ಶಂಕುವನ್ನೇ ಅಂಟಿಸಿದರು. ಇಂದಿನ ಸ್ಪೀಕರುಗಳೆಲ್ಲ ಬಹುಮಟ್ಟಿಗೆ ಅದರ ಸಂತಾನ. ಅದರೊಡನೆ ಅವರು ಆಂಪ್ಲಿಫೈಯರನ್ನೂ ಕಟ್ಟಿದರೆಂಬುದು ಗಮನಿಸತಕ್ಕ ಸಂಗತಿ. ವಧೂವರರನ್ನು ಒಂದೇ ಮನೆಯವರು ಸಿದ್ಧಪಡಿಸಿದ ಹಾಗೆ. ಮರುವರ್ಷ ಮಾರುಕಟ್ಟೆಗೆ ಬಂದ ಅವರ ಪೆಟ್ಟಿಗೆಯ ಶಕ್ತಿ ಒಂದೇ ಒಂದು ವಾಟ್. ದೊಡ್ಡ ಹಜಾರಕ್ಕೆ ಅದೇ ಸಾಕಾಗಿತ್ತು.

ಕಾರಿನೊಳಗೆ ದನಿ ಬಂದದ್ದು ಬೇರೆ ಕತೆ. 1930ರ ಜೂನಿನಲ್ಲಿ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡೆಬೇಕರ್ ಕಾರಿನಲ್ಲಿ ರೇಡಿಯೋ ಕೂರಿಸಿ ಶಿಕಾಗೋದಿಂದ ಅಟ್ಲಾಂಟಿಕ್ ಸಿಟಿಯ ರೇಡಿಯೋ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆಯಿಲ್ಲದೆ ಹೊರಗೇ ನಿಲ್ಲಿಸಿ ಹಾಡಿಸಿದ. ಮೋಟೊರೋಲ ಎಂಬ ಹೆಸರು ಅವನದೇ. ಆದರೆ ವಾಲ್ವುಗಳಿಗೆ ಬೇಕಾದುದು ನೂರಾರು ವೋಲ್ಟು, ಅಂದಿನ ಕಾರಿನ ಬ್ಯಾಟರಿಯಲ್ಲಿ ಇದ್ದುದು ಆರು! ಬೇರೆ ಬ್ಯಾಟರಿಗಳನ್ನು ಕಾರಿನ ನೆಲದಡಿ ಹುದುಗಿಸಬೇಕಾಯಿತು; ಆಮೇಲೆ ಜುಯ್ಯೆನ್ನುವ ವೈಬ್ರೇಟರು ಬಂತು.

ಟ್ರಾನ್ಸಿಸ್ಟರು ಈ ಪೀಡೆಯನ್ನು ಕಳೆಯಿತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಸೇರಿ ವಾಲ್ವಿಲ್ಲದ ಕಾರು ರೇಡಿಯೋ ತಂದವು. ಬ್ಯಾಟರಿಯೂ ಅದೇ ಕಾಲಕ್ಕೆ ಹನ್ನೆರಡು ವೋಲ್ಟಿಗೆ ಏರುತ್ತಿತ್ತು. ಆದರೆ ಹನ್ನೆರಡೇ ಈಗ ಎಲ್ಲೆಯಾಯಿತು. ಎಂಜಿನ್ ಓಡುವಾಗ ಸಿಕ್ಕುವುದು ಹೆಚ್ಚೆಂದರೆ 14.4 ವೋಲ್ಟು, 4 ಓಮ್ ಸ್ಪೀಕರಿಗೆ ಅದರಿಂದ ಹೊರಡುವ ಶುದ್ಧ ದನಿ ಆರೂವರೆ ವಾಟ್. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರು ಜೋಡಿಸಿ ನಾಲ್ಕರಷ್ಟು ಮಾಡಿದರೂ 26. ಮನೆಯ ಸ್ಪೀಕರಿಗೆ 8 ಓಮ್ ಇದ್ದರೆ ಕಾರಿನದಕ್ಕೆ 4 ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಕಡಮೆ ವೋಲ್ಟಿನಲ್ಲಿ ಹೆಚ್ಚು ಕರೆಂಟು ಹರಿಯಬೇಕಾದರೆ ತಡೆ ಕಡಮೆಯಿರಬೇಕು.

ಹಾಗಾದರೆ ನನ್ನ ರೇಡಿಯೋದ 50 ಎಲ್ಲಿಯದು? ಗುಂಡಿಯನ್ನು ಕೊನೆತನಕ ತಿರುಗಿಸಿದಾಗ ದನಿಯ ಅಲೆಗಳ ನೆತ್ತಿ ಬ್ಯಾಟರಿಯ ಛಾವಣಿಗೆ ತಾಗಿ ಬೋಳಾಗುತ್ತದೆ. ಪೂರ್ತಿ ಚೌಕವಾದ ಅಲೆಯ ಶಕ್ತಿ ಶುದ್ಧ ಅಲೆಯ ಎರಡರಷ್ಟು. 26ರ ಎರಡರಷ್ಟೆಂದರೆ 52. ಕಿವಿಗೆ ಕರ್ಕಶವಾದ ಈ ದನಿಯ ಲೆಕ್ಕವೇ ರೇಡಿಯೋದ ಮುಖದ ಮೇಲೆ ರಾರಾಜಿಸುತ್ತಿತ್ತು. ಸ್ಪೀಕರಿನ 100 ಆದರೋ ಕ್ಷಣಮಾತ್ರ ತಡೆಯಬಲ್ಲ ಶಕ್ತಿ. ಎಡೆಬಿಡದೆ ತಡೆಯಬಲ್ಲದ್ದು 30 ಎಂದು ಅದರ ಪೆಟ್ಟಿಗೆಯ ಹಿಂದೆ ಸಣ್ಣಕ್ಷರದಲ್ಲಿತ್ತು. ಸುರುಳಿಯನ್ನು ಸುಡುವುದು ಹೆಸರಿನ ವಾಟ್ ಅಲ್ಲ, ಎಡೆಬಿಡದ ಕಾವು. ಪೆಟ್ಟಿಗೆ ಸಣ್ಣದೆಂದು ಗಂಟಲು ಹರಿಯುವಂತೆ ಕೂಗಿಸಿದವನು ನಾನೇ. ಸ್ವಲ್ಪ ದೊಡ್ಡ ಆಂಪ್ಲಿಫೈಯರನ್ನು ಹದವಾಗಿ ಹಾಡಿಸಿದ್ದರೆ ಸ್ಪೀಕರು ಬಾಳುತ್ತಿತ್ತು. ವಾಟ್ ಇಮ್ಮಡಿಯಾದರೂ ಕಿವಿಗೆ ದನಿ ಏರುವುದು ತುಸುವೇ. ಇಮ್ಮಡಿ ಜೋರೆನಿಸಬೇಕಾದರೆ ಹತ್ತುಪಟ್ಟು ವಾಟ್ ಬೇಕು ಎಂಬುದು ಆಗ ಗೊತ್ತಿರಲಿಲ್ಲ.

ಈ ಸಂಖ್ಯೆಗಳ ಜಾತ್ರೆಗೆ ಅಮೆರಿಕದಲ್ಲಿ 1974ರಲ್ಲಿ ಕಾನೂನಿನ ಕಡಿವಾಣ ಬಿತ್ತು. ಆದರೆ ಅದು ಮನೆಯ ಆಂಪ್ಲಿಫೈಯರುಗಳಿಗೆ ಮಾತ್ರ, ಕಾರು ಹೊರಗುಳಿಯಿತು. 2003ರಲ್ಲಿ ತಯಾರಕರ ಸಂಘವೇ ಸಿಇಎ-2006 ಎಂಬ ನಿಯಮ ತಂದಿತು (2006 ಇಸವಿಯಲ್ಲ, ನಿಯಮದ ಸಂಖ್ಯೆ). 14.4 ವೋಲ್ಟು, 4 ಓಮ್, ನೂರಕ್ಕೆ ಒಂದಕ್ಕಿಂತ ಹೆಚ್ಚಿಲ್ಲದ ವಿಕೃತಿ: ಅಳೆದರೆ ಹೀಗೆ ಅಳೆಯಬೇಕು. ಪಾಲಿಸುವುದು ಬಿಡುವುದು ಮಾತ್ರ ಅವರವರ ಇಷ್ಟ.

ಹೊಸ ಸ್ಪೀಕರಿಗೆಂದು ಮತ್ತೆ ಅದೇ ಅಂಗಡಿಗೆ ಹೋದೆ. ಪೆಟ್ಟಿಗೆಯನ್ನು ಮಗುಚಿ ಸಣ್ಣಕ್ಷರ ಓದತೊಡಗಿದೆ. ಅಂಗಡಿಯಾತ ಅದನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡು, ದೊಡ್ಡಕ್ಷರದ ಬದಿಯನ್ನು ನನ್ನತ್ತ ತಿರುಗಿಸಿಟ್ಟ.