ಘಟ್ಟ ಹತ್ತಿದ ಹೊರೆ

ಬೆಟ್ಟಕ್ಕೆ ರಜೆ ಕಳೆಯಲು ಹೊರಟವರ ಸಾಮಾನನ್ನು ನೀವು ಗಮನಿಸಿರಬಹುದು. ಗುಡಾರ, ಹಗ್ಗ, ಒಲೆ, ಕೆಲವೊಮ್ಮೆ ಸೈಕಲ್ಲು. ಹಿಮಾಲಯದ ಔಲಿಗೋ ಗುಲ್ಮಾರ್ಗಿಗೋ ಹೋಗುವವರಾದರೆ ಆಳುದ್ದದ ಸ್ಕೀ ಹಲಗೆಗಳು. ಇಷ್ಟನ್ನು ವಿಮಾನಕ್ಕೆ ಹೇರುವುದಕ್ಕಿಂತ ರೈಲೋ ಬಸ್ಸೋ ವಾಸಿ ಎನ್ನುವವರು ಕಡಿಮೆಯೇನಲ್ಲ. ನಮ್ಮ ಸಕಲೇಶಪುರದ ಬೆಟ್ಟಗಳ ಮಟ್ಟಿಗೆ ಈ ಆಯ್ಕೆಯ ಪ್ರಶ್ನೆಯೇ ಎದ್ದಿಲ್ಲ. ಇಲ್ಲಿಗೆ ಏರಿ ಬಂದ ಉಪ್ಪಿನಿಂದ ಹಿಡಿದು ಇಲ್ಲಿಂದ ಇಳಿದು ಹೋದ ಕಾಫಿಯವರೆಗೆ ಎಲ್ಲವೂ ನೆಲ ಮುಟ್ಟಿಕೊಂಡೇ ಸಾಗಿವೆ. ಅದು ಹೇಗೆ ಸಾಗಿತು ಎಂಬ ಚರಿತ್ರೆಯೊಳಗೆ ಭೌತವಿಜ್ಞಾನದ ಒಳ್ಳೆಯ ಪಾಠವೊಂದು ಅಡಗಿದೆ.

ಮೊದಲು ನೆಲದ ಆಕಾರ ನೋಡೋಣ. ನೀವು ಬೆಳಗೋಡು ಹೋಬಳಿಯ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡುವವರಾದರೆ, ನಿಂತಿರುವುದು ಸಮುದ್ರಮಟ್ಟದಿಂದ ಸ್ಥೂಲವಾಗಿ 900 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ ಆಲೂರು, ಹಾಸನದ ಕಡೆ ನೆಲ ಅಲೆಅಲೆಯಾಗಿದ್ದರೂ ಹೆಚ್ಚು ಇಳಿಯುವುದಿಲ್ಲ. ಪಶ್ಚಿಮಕ್ಕೆ ಸಕಲೇಶಪುರ ದಾಟಿದರೆ ಸ್ವಲ್ಪದರಲ್ಲೇ ನೆಲ ಮುರಿದು ಬೀಳುತ್ತದೆ. ಹೇಮಾವತಿಯ ನೀರು ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ, ಆ ಅಂಚಿನಾಚೆಯ ಕೆಂಪುಹೊಳೆಯ ನೀರು ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೆ. ಘಟ್ಟವೆಂದರೆ ಎರಡು ಮಗ್ಗುಲಿನ ಬೆಟ್ಟವಲ್ಲ, ಒಂದೇ ದೊಡ್ಡ ಮೆಟ್ಟಿಲು. ಅದರ ಎತ್ತರ ಸುಮಾರು 800 ಮೀಟರ್.

ಈ ಮೆಟ್ಟಿಲನ್ನು ಹತ್ತಿಸಲು ಬೇಕಾದ ಶಕ್ತಿ ಎಷ್ಟು? 20 ಕಿಲೋಗ್ರಾಂ ತೂಕದ ಚೀಲವನ್ನು 800 ಮೀಟರ್ ಎತ್ತಲು ಸುಮಾರು 1,57,000 ಜೂಲ್, ಅಂದರೆ 37 ಕಿಲೋಕ್ಯಾಲೊರಿ. ಒಂದು ಬಾಳೆಹಣ್ಣಿನಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇದೆ! ಲೆಕ್ಕ ಇಷ್ಟು ಅಗ್ಗವಾಗಿರುವಾಗ ಘಟ್ಟದ ಸಾಗಣೆ ಶತಮಾನಗಳ ಕಾಲ ಅಷ್ಟು ದುಬಾರಿಯಾಗಿದ್ದೇಕೆ? ತೊಂದರೆ ಇದ್ದದ್ದು ಒಟ್ಟು ಶಕ್ತಿಯಲ್ಲಿ ಅಲ್ಲ, ಎಳೆಯಬೇಕಾದ ಬಲದಲ್ಲಿ.

ಹಳೆಯ ಉತ್ತರ ಹೇರೆತ್ತು. ಗಾಡಿಯೇ ಇಲ್ಲದ ಕಾಲುದಾರಿಯಲ್ಲಿ ಎತ್ತಿನ ಬೆನ್ನ ಇಬ್ಬದಿಗೂ ಒಂದೊಂದು ಚೀಲ ಇಳಿಬಿಟ್ಟು, ಸಾಲುಸಾಲಾಗಿ ಘಟ್ಟ ಇಳಿಸುತ್ತಿದ್ದರು. ಮಲೆನಾಡಿನ ಅಕ್ಕಿ ಕೆಳಕ್ಕೆ, ಕರಾವಳಿಯ ಉಪ್ಪು, ತೆಂಗು ಮೇಲಕ್ಕೆ. ಈ ದಾರಿಯ ಬೆಲೆ ಗೊತ್ತಿದ್ದ ಟಿಪ್ಪು ಸುಲ್ತಾನ 1792ರಲ್ಲಿ ಸಕಲೇಶಪುರದ ಸಮೀಪ ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಮೇಲೆ ನಿಂತರೆ ಮಂಗಳೂರಿನ ಕಡೆಯ ಹಾದಿ ಕಣ್ಣಳತೆಯಲ್ಲಿ ಬೀಳುತ್ತದೆ, ಮಂಜು ಬಿಟ್ಟುಕೊಟ್ಟರೆ ಮಾತ್ರ.

ಒಂದು ಎತ್ತು ಹೊರುವುದು ಸುಮಾರು ಒಂದು ಕ್ವಿಂಟಾಲ್. ಇದು ಬಹಳ ಕಡಿಮೆ. ಆದರೆ ಹೇರೆತ್ತಿಗೆ ಒಂದು ಗುಣವಿದೆ: ಅದಕ್ಕೆ ದಾರಿ ಮಾಡಿಕೊಡಬೇಕಾಗಿಲ್ಲ. ಕಡಿದಾದಲ್ಲಿ ಗೊರಸೂರಿ ಹತ್ತುತ್ತದೆ, ತೊರೆ ಬಂದರೆ ದಾಟುತ್ತದೆ. ದೋಷವೂ ಒಂದಿದೆ. ಹೊರೆಯನ್ನು ಎರಡು ಸಮಪಾಲು ಮಾಡಲು ಬರಬೇಕು. ಅಕ್ಕಿ, ಉಪ್ಪನ್ನು ಪಾಲು ಮಾಡಬಹುದು, ಯಂತ್ರವನ್ನು?

ಅಂಥ ಪಾಲಾಗದ ಹೊರೆಯೊಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ನಮ್ಮ ಸೀಮೆಗೆ ಬಂದಿತ್ತು. ವಿಲಿಯಂ ಲ್ಯಾಂಬ್ಟನ್ ಮದರಾಸಿನಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಜಾಲ ಹೆಣೆಯಲು ಬಳಸಿದ ಥಿಯೊಡೊಲೈಟ್ ಉಪಕರಣ ಅದು. ಲಂಡನ್ನಿನ ವಿಲಿಯಂ ಕ್ಯಾರಿ ತಯಾರಿಸಿದ್ದು; ತೂಕ ಸುಮಾರು ಅರ್ಧ ಟನ್. ಕೋನ ಅಳೆಯುವ ವೃತ್ತದ ವ್ಯಾಸವೇ 36 ಅಂಗುಲ. ಅಳತೆಯ ತಾಣಗಳೋ ಬೆಟ್ಟದ ನೆತ್ತಿಗಳು. ಮನುಷ್ಯರ ಹೆಗಲೇ ಗತಿಯಾಯಿತು. ಅದನ್ನು ಹೊತ್ತವರ ಹೆಸರನ್ನು ಸರ್ವೇಕ್ಷಣೆಯ ಚರಿತ್ರೆ ಕೊಂಡಾಡಿದ್ದನ್ನು ನಾನು ಕಂಡಿಲ್ಲ. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಈ ಉಪಕರಣ ಜಖಂಗೊಂಡಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ವೃತ್ತವನ್ನು ಸರಿಪಡಿಸಿದ. ಈ ಶ್ರಮದ ಫಲವೇನು ಎಂದು ಕೇಳುವಿರಾ? ಪರ್ಯಾಯ ದ್ವೀಪದ ಅಗಲ ಹಿಂದಿನ ನಕ್ಷೆಗಳು ತೋರಿಸಿದ್ದ 400 ಮೈಲಿಯಲ್ಲ, 360 ಮೈಲಿ ಮಾತ್ರ ಎಂದು ತಿಳಿಯಿತು.

ಕಾಫಿ ಬಂದ ಮೇಲೆ ಹೆಗಲೂ ಸಾಲದು, ಬೆನ್ನೂ ಸಾಲದು. 1843ರಲ್ಲಿ ಫ್ರೆಡರಿಕ್ ಗ್ರೀನ್ ಮಂಜರಾಬಾದ್ ಸೀಮೆಯಲ್ಲಿ ತೋಟ ಆರಂಭಿಸಿದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ತೋಟಗಾರಿಕೆಯ ಅನುಭವವನ್ನು ಪುಸ್ತಕವಾಗಿಯೇ ಬರೆದ. ಸಿಪ್ಪೆ ಸುಲಿದ ಕಾಫಿಯನ್ನು ಸಂಸ್ಕರಣೆಗೆ ಮಂಗಳೂರಿಗೆ ಇಳಿಸಬೇಕಿತ್ತು, ಸಲಕರಣೆಗಳು ಮೇಲೇರಬೇಕಿತ್ತು. ಅದೇ ಹೊತ್ತಿಗೆ, ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834–1861ರ ಅವಧಿಯಲ್ಲಿ, ಘಟ್ಟಗಳಿಗೆ ಗಾಡಿ ಹೋಗುವ ರಸ್ತೆಗಳು ಬಂದವು.

ಇಲ್ಲಿ ನಿಂತು ಸ್ವಲ್ಪ ಲೆಕ್ಕ ಹಾಕಬೇಕು. ಹೊರೆ ಸೇರಿ 1000 ಕಿಲೋಗ್ರಾಂ ತೂಗುವ ಎತ್ತಿನ ಗಾಡಿಯನ್ನು ಸಮತಟ್ಟಾದ ಜಲ್ಲಿ ರಸ್ತೆಯಲ್ಲಿ ಎಳೆಯಲು ಸುಮಾರು 30 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ರಸ್ತೆ 20 ಮೀಟರಿಗೆ 1 ಮೀಟರ್ ಏರಿದರೆ ಗುರುತ್ವ ಇನ್ನೊಂದು 50 ಸೇರಿಸುತ್ತದೆ. ಒಟ್ಟು 80. ಒಂದು ಜೋಡಿ ಎತ್ತು ದಿನವಿಡೀ ಎಳೆಯಬಲ್ಲ ಬಲ ಅವುಗಳ ತೂಕದ ಹತ್ತನೇ ಒಂದು ಭಾಗದ ಆಸುಪಾಸು, ಅಂದರೆ ಸುಮಾರು 80! ಏರು ಇದಕ್ಕಿಂತ ಕಡಿದಾದರೆ ಹೊರೆ ಇಳಿಸಬೇಕು, ಇಲ್ಲವೇ ಇನ್ನೊಂದು ಜೋಡಿ ಕಟ್ಟಬೇಕು. ಆದ್ದರಿಂದಲೇ ಗಾಡಿ ರಸ್ತೆ ನೇರ ಹತ್ತದೆ ಹಾವಿನಂತೆ ಸುತ್ತುತ್ತದೆ. ಎತ್ತರ ಅಷ್ಟೇ, ದೂರ ಹೆಚ್ಚು, ಬಲ ಕಡಿಮೆ. ಇಳಿಯುವಾಗಿನ ಕಷ್ಟ ಬೇರೆಯದೇ. ಆಗ ಗಾಡಿ ಎತ್ತುಗಳನ್ನು ಎಳೆಯುತ್ತದೆ. ಚಕ್ರಕ್ಕೆ ಮರದ ತುಂಡು ಒತ್ತಿ ಘರ್ಷಣೆಯನ್ನು ಬೇಕೆಂದೇ ಹೆಚ್ಚಿಸಬೇಕು.

ರೈಲು ಬಹಳ ತಡವಾಗಿ ಬಂತು. ಮಂಗಳೂರಿಗೆ ಕೇರಳದ ಕಡೆಯಿಂದ 1907ರಲ್ಲೇ ಹಳಿ ತಲುಪಿತ್ತು. ಹಾಸನದಿಂದ ಘಟ್ಟ ಇಳಿದು ಅದೇ ಊರು ಮುಟ್ಟಲು 1979ರವರೆಗೆ ಕಾಯಬೇಕಾಯಿತು. ಕಾರಣ ನಮ್ಮ ಲೆಕ್ಕದಲ್ಲೇ ಇದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ತಡೆ ಅತ್ಯಲ್ಪ. 1000 ಟನ್ ರೈಲನ್ನು ಸಮತಟ್ಟಿನಲ್ಲಿ ನಿಧಾನವಾಗಿ ಎಳೆಯಲು ಎರಡು ಮೂರು ಟನ್ ಬಲ ಸಾಕು. ಆದರೆ 50ಕ್ಕೆ 1ರ ಏರಿನಲ್ಲಿ ಗುರುತ್ವವೊಂದೇ 20 ಟನ್ ಕೇಳುತ್ತದೆ. ಎತ್ತಿನ ಗಾಡಿಗೆ 20ಕ್ಕೆ 1ರ ಏರು ಎಂದರೆ ಮೂರು ಪಟ್ಟಿಗಿಂತ ಕಡಿಮೆ ಕಷ್ಟ. ರೈಲಿಗೆ ಅದರ ಅರ್ಧಕ್ಕಿಂತಲೂ ಸೌಮ್ಯವಾದ ಏರು ಎಂಟೊಂಬತ್ತು ಪಟ್ಟು ಕಷ್ಟ. ಘರ್ಷಣೆ ಕಡಿಮೆಯಾದಷ್ಟೂ ಅದೇ ಬೆಟ್ಟ ಹೆಚ್ಚು ಕಡಿದಾಗುತ್ತಾ ಹೋಗುತ್ತದೆ ಎನ್ನಬಹುದು. ಸ್ಕೀ ಹಲಗೆಯ ಗುಟ್ಟೂ ಇದೇ. ಚೆನ್ನಾಗಿ ಮೇಣ ಸವರಿದ ಹಲಗೆಗೆ ಹಿಮದ ಮೇಲೆ 20ಕ್ಕೆ 1ರ ಇಳಿಜಾರು ಕೂಡ ಜಾರಲು ಸಾಕಾಗಬಹುದು. ಇಳಿಯಲು ಬಲು ಸೊಗಸು, ಅದನ್ನೇ ತೊಟ್ಟು ಹತ್ತುವವರನ್ನು ಕೇಳಿ ನೋಡಿ.

ಹೀಗಾಗಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲುಗಳ ಮೂಲಕ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು ಬೇಕಾದವು. ಅದೂ ಸಾಲದೆ ಭಾರದ ರೈಲುಗಳಿಗೆ ಹೆಚ್ಚುವರಿ ಎಂಜಿನ್ನುಗಳ ನೆರವು ಬೇಕು. ಚಕ್ರ ಜಾರದೆ ಹಳಿಯನ್ನು ಕಚ್ಚಿಕೊಳ್ಳಲು ಎಂಜಿನ್ನಿಗೆ ತೂಕ ಇರಬೇಕಲ್ಲ! ಮಳೆಯಲ್ಲಿ ಹಳಿಯ ಹಿಡಿತ ಇನ್ನಷ್ಟು ಕಡಿಮೆ. ಆಗ ಚಕ್ರದ ಮುಂದೆ ಮರಳು ಉದುರಿಸುತ್ತಾರೆ. ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಸಂಚಾರ ನಿಂತಿತು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಚಾರಣಿಗರು ಗುಡಾರ ಬೆನ್ನಿಗೇರಿಸಿ, ಟಾರ್ಚ್ ಹಿಡಿದು ಈ ಸುರಂಗಗಳಲ್ಲಿ ನಡೆದರು. ರೈಲು ದಾರಿಯ ಮೇಲೆ ಹೇರೆತ್ತಿನ ಕಾಲ ಕೊಂಚ ಕಾಲ ಮರಳಿತ್ತು.

ಇಷ್ಟರಲ್ಲಿ ನೀವು ಒಂದು ಸಂಗತಿ ಗುರುತಿಸಿರುತ್ತೀರಿ. ಹೇರೆತ್ತು ಬೆಟ್ಟಕ್ಕೆ ಹೊಂದಿಕೊಂಡಿತು. ಗಾಡಿಗೆ ಬೆಟ್ಟವನ್ನು ಸ್ವಲ್ಪ ಕೆರೆಯಬೇಕಾಯಿತು, ರೈಲಿಗೆ ಕೊರೆಯಬೇಕಾಯಿತು. ಇಂದಿನ ಅಗಲವಾದ ಹೆದ್ದಾರಿಗೆ ಬೆಟ್ಟದ ಮಗ್ಗುಲನ್ನು ನೆಟ್ಟಗೆ ಸೀಳಬೇಕು. ಘಟ್ಟದ ಮೇಲ್ಮಣ್ಣು ಮಳೆಯಿಂದ ಶಿಥಿಲಗೊಂಡ ಬಂಡೆಯಿಂದಾದದ್ದು. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ. ಕಣಗಳ ನಡುವೆ ನೀರು ತುಂಬಿದಾಗ ನೀರಿನ ಒತ್ತಡ ಕಣಗಳನ್ನು ದೂರ ತಳ್ಳಿ, ಅವುಗಳ ನಡುವಿನ ಘರ್ಷಣೆಯನ್ನು ಕಸಿಯುತ್ತದೆ. ಚಕ್ರಕ್ಕೆ ಬೇಡವಾದ ಘರ್ಷಣೆಯೇ ಗುಡ್ಡಕ್ಕೆ ಆಧಾರ. 2018ರ ಆಗಸ್ಟಿನ ಮಳೆಯಲ್ಲಿ ಶಿರಾಡಿ ರಸ್ತೆ, ರೈಲು ಎರಡೂ ಮುಚ್ಚಿದವು. 2024ರ ಜುಲೈಯಲ್ಲಿ ಹೆದ್ದಾರಿಯ ದೊಡ್ಡತಪ್ಪಲೆ ಬಳಿಯೂ, ಕಡಗರವಳ್ಳಿ–ಎಡಕುಮೇರಿ ನಡುವಿನ ಹಳಿಯ ಮೇಲೂ ಕುಸಿತವಾಯಿತು. ಆಗಸ್ಟಿನಲ್ಲಿ ಘಟ್ಟದ ಅಂಚಿನಿಂದ ಈಚೆಗೆ, ಬಾಳ್ಳುಪೇಟೆ–ಸಕಲೇಶಪುರ ನಡುವೆಯೂ ಮಣ್ಣು ಹಳಿಗೆ ಬಿತ್ತು. ಅಗೆದ ಮಗ್ಗುಲಿನ ಕೋನವನ್ನು ಹೆದ್ದಾರಿಯ ಅಗಲದಷ್ಟೇ ಆಸಕ್ತಿಯಿಂದ ಚರ್ಚಿಸುವುದನ್ನು ನಾವಿನ್ನೂ ಕಲಿತಿಲ್ಲವೆಂದೇ ನನ್ನ ಅನಿಸಿಕೆ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಒಂದು ಮೀಟರ್ ಉದ್ದದ ಹಲಗೆ, ಒಂದು ಇಟ್ಟಿಗೆ, ಒಂದು ಆಟದ ಗಾಡಿ, ಒಂದು ಸ್ಪ್ರಿಂಗ್ ತಕ್ಕಡಿ ಸಾಕು. ಹಲಗೆಯನ್ನು ಮಲಗಿಸಿ ಇಟ್ಟಿಗೆಯನ್ನು ಎಳೆಯಿರಿ. ಆಮೇಲೆ ಅದನ್ನೇ ಗಾಡಿಯ ಮೇಲಿಟ್ಟು ಎಳೆಯಿರಿ. ಹಲಗೆಯ ಒಂದು ತುದಿಯನ್ನು 20 ಸೆಂಟಿಮೀಟರ್ ಎತ್ತಿ ಎರಡನ್ನೂ ಮತ್ತೆ ಮಾಡಿ. 3 ಕಿಲೋಗ್ರಾಂ ಇಟ್ಟಿಗೆಯಾದರೆ ಏರು ಎರಡಕ್ಕೂ ಸೇರಿಸುವ ಬಲ ಒಂದೇ, ಸುಮಾರು 600 ಗ್ರಾಂ ತೂಕದಷ್ಟು. ಬರಿಯ ಇಟ್ಟಿಗೆಗೆ ಅದು ಮೊದಲಿದ್ದುದರ ಅರ್ಧದಷ್ಟೂ ಇರಲಿಕ್ಕಿಲ್ಲ, ಗಾಡಿಗೆ ಹಲವು ಪಟ್ಟು. ಮುಂದೆ ಘಟ್ಟದ ರೈಲಿನಲ್ಲಿ ಹೋದಾಗ ಕಿಟಕಿಯಿಂದ ಹಳಿಯ ಪಕ್ಕದ ಇಳಿಜಾರಿನ ಗುರುತುಫಲಕಗಳನ್ನು ಹುಡುಕಿ. ಅವುಗಳ ಮೇಲೆ 50 ಎಂದು ಕಂಡರೆ, ಅದು ಈ ಹಲಗೆಯ ಮೇಲೆ 2 ಸೆಂಟಿಮೀಟರ್ ಅಷ್ಟೇ.