ಹೆಚ್ಚಾದ ಹುಂಜಗಳು ಯಾರ ಮನೆಗೆ ಹೋದವು?

ಬ್ಯಾರಿಗಳ ಚರಿತ್ರೆ ಹೇಳುವವರೆಲ್ಲ ತುಳುವಿನ ‘ಬ್ಯಾರ’ ಎಂಬ ಪದದಿಂದ ಶುರು ಮಾಡುತ್ತಾರೆ. ಬ್ಯಾರ ಎಂದರೆ ವ್ಯಾಪಾರ. ಆಮೇಲೆ ಅರಬ್ಬರು, ಹಡಗು, ಕರಿಮೆಣಸು, ಅಕ್ಕಿ ಬರುತ್ತವೆ. ಎಲ್ಲವೂ ಗಂಡಸರ ವ್ಯಾಪಾರ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮನೆಗಳ ಹಿತ್ತಿಲಲ್ಲಿ ಹೆಂಗಸರದ್ದೇ ಒಂದು ವ್ಯಾಪಾರವಿತ್ತು. ಅದನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ಅದರ ಸರಕು ಹುಂಜ.

ಕಾವಿಗೆ ಕೂತ ಹೇಂಟೆಯ ಅಡಿಯಲ್ಲಿ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ 21ನೇ ದಿನಕ್ಕೆ ಮರಿ ಹೊರಬರುತ್ತದೆ. ಗಿಡುಗ, ಕೀರಿ, ಮಳೆ ಇವೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದರಲ್ಲಿ ಹೆಚ್ಚು ಕಡಿಮೆ ಅರ್ಧ ಗಂಡು. ದೊಡ್ಡ ಹ್ಯಾಚರಿಗಳಲ್ಲಿ ಮರಿ ಹುಟ್ಟಿದ ದಿನವೇ ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಮನೆಯಲ್ಲಿ ಅದು ಆಗದು. ಜುಟ್ಟು ಕೆಂಪಾಗಲು ಒಂದೂವರೆ, ಎರಡು ತಿಂಗಳು ಕಾಯಬೇಕು. ತುದಿ ಮೊನಚಾದ ಮೊಟ್ಟೆಯಲ್ಲಿ ಹುಂಜ, ಉರುಟು ಮೊಟ್ಟೆಯಲ್ಲಿ ಹೇಂಟೆ ಎಂದು ನನ್ನ ಉಮ್ಮ ನಂಬಿದ್ದರು. ಅರಿಸ್ಟಾಟಲ್ ಇದಕ್ಕೆ ತಿರುಗಾಮುರುಗಾ ಬರೆದಿದ್ದಾನೆ. ಇಬ್ಬರ ಮಾತಿಗೂ ಆಧಾರವಿಲ್ಲ. ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವೇ ಇಲ್ಲ.

ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ನಾಲ್ಕಾದರೆ ಹಿತ್ತಿಲಲ್ಲಿ ದಿನವೂ ಜಗಳ, ಹೇಂಟೆಗಳ ಬೆನ್ನಿನ ಪುಕ್ಕವೆಲ್ಲ ಉದುರಿ ಹೋಗುತ್ತದೆ. ನೆಂಟರು ಬಂದಾಗ ಒಂದು, ಮಗಳ ಗಂಡ ಬಂದಾಗ ಒಂದು ಎಂದು ಕೊಯ್ದರೂ ಉಳಿಯುತ್ತಿತ್ತು. ಉಳಿದವಕ್ಕೆ ಗಿರಾಕಿ ಬೇಕು.

ಗಿರಾಕಿ ಗದ್ದೆಯ ಆಚೆಗೇ ಇದ್ದರು. ನೆರೆಯ ತುಳು ಮನೆಗಳಲ್ಲಿ ದೈವಗಳಿಗೆ ತಂಬಿಲ, ಅಗೆಲು, ಕೋಲ. ಅಗೆಲಿಗೆ ಕೋಳಿ ಬೇಕು, ಕೋಲ ಮುಗಿದ ಮೇಲೆ ಊಟಕ್ಕೂ ಬೇಕು. ಕೆಲವು ಮನೆಗಳಿಗೆ ಬಣ್ಣವೂ ಇಂಥದ್ದೇ ಆಗಬೇಕು. ತುಳುವಿನಲ್ಲಿ ಹುಂಜದ ಬಣ್ಣಕ್ಕೊಂದು ಹೆಸರಿದೆ: ಬಿಳಿಯದು ಬೊಳ್ಳೆ, ಕಾಗೆಯಂತೆ ಕಪ್ಪಾದದ್ದು ಕಕ್ಕೆ, ಕೆಂಪು ಮೈಯದು ಕೆಮ್ಮೈರೆ. ಮನೆಯಲ್ಲಿ ಬ್ಯಾರಿ ಭಾಷೆ ಬಿಟ್ಟು ಬೇರೆ ಆಡದ ನಮ್ಮ ಹೆಂಗಸರಿಗೂ ಈ ಹೆಸರುಗಳು ಬಾಯಿಪಾಠ. ಗೊತ್ತಿಲ್ಲದಿದ್ದರೆ ರೇಟು ಹೇಳುವುದು ಹೇಗೆ?

ಕಾವಿಗೆ ಕೂರಿಸುವ ಸಮಯವೂ ಇದರ ಮೇಲೇ ನಿಂತಿತ್ತು. ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ. ಆಮೇಲೆ ಮಳೆಗಾಲ ಮುಗಿಯುವವರೆಗೆ ಕೋಲವಿಲ್ಲ. ಊರ ಹುಂಜ ಚೆನ್ನಾಗಿ ತೂಗಲು ಆರು ತಿಂಗಳಾದರೂ ಬೇಕು. ಅದಕ್ಕೆ ಉಮ್ಮ ಸೋಣ, ನಿರ್ನಾಲದ ಹೊತ್ತಿಗೆ ಹೇಂಟೆ ಕೂರಿಸುತ್ತಿದ್ದರು. ಸುಗ್ಗಿ, ಪಗ್ಗುವಿಗೆ ಹುಂಜ ತಯಾರು. ನಮ್ಮ ಹಬ್ಬಗಳೆಲ್ಲ ಚಂದ್ರನ ಲೆಕ್ಕ, ಗೂಡಿನ ಲೆಕ್ಕ ಮಾತ್ರ ತುಳು ತಿಂಗಳಿನದ್ದು.

ತಕ್ಕಡಿ ಇರಲಿಲ್ಲ. ಬಂದವರು ಅಂಗಳದಲ್ಲಿ ನಿಲ್ಲುತ್ತಿದ್ದರು, ಉಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ. ನಾವು ಮಕ್ಕಳು ಹುಂಜ ಹಿಡಿದು ಕೊಡಬೇಕು. ಅವರು ಕೈಯಲ್ಲಿ ತೂಗಿ, ಎದೆಯ ಎಲುಬು ಒತ್ತಿ ನೋಡಿ ಒಂದು ರೇಟು ಹೇಳುವುದು, ಬಾಗಿಲ ಹಿಂದಿನಿಂದ ತುಳುವಿನಲ್ಲಿ ಇನ್ನೊಂದು ರೇಟು ಬರುವುದು. ಆ ದುಡ್ಡು ಬಾಪನ ಕೈಗೆ ಹೋಗುತ್ತಿರಲಿಲ್ಲ. ನಮ್ಮ ಶಾಲೆಯ ಪುಸ್ತಕ, ಸ್ಟೀಲಿನ ಪಾತ್ರೆ, ಅಕ್ಕನ ಅಲಿಕತ್ತಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿದ ಚಿನ್ನ, ಎಲ್ಲವೂ ಅದರಿಂದಲೇ. ಗಂಡಸರು ಕೇಳುತ್ತಲೂ ಇರಲಿಲ್ಲ.

ಒಂದು ತಕರಾರಿತ್ತು. ಕೋಳಿ ಅಂಕಕ್ಕೆ ಹುಂಜ ಕೊಡಬಹುದೇ? ಅಂಕ ಈ ಜಿಲ್ಲೆಯಲ್ಲಿ ಹಳೆಯದು. 1909ರಲ್ಲಿ ಮದರಾಸಿನಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್‌ನ ಗ್ರಂಥದಲ್ಲಿ ಬಂಟರ ಬಗ್ಗೆ ಬರೆದಲ್ಲಿ ಕಂಬಳದ ಜೊತೆ ಇದೂ ಬರುತ್ತದೆ. ಅಂಕದವರು ಒಳ್ಳೆಯ ಹುಂಜಕ್ಕೆ ಮಾಂಸದವರಿಗಿಂತ ಹೆಚ್ಚು ಕೊಡುತ್ತಾರೆ. ಆದರೆ ಕಾಲಿಗೆ ಬಾಳು ಕಟ್ಟಿ ಕಾದಾಡಿಸುವುದು, ಅದರ ಮೇಲೆ ಪಣ ಇಡುವುದು ನಮ್ಮಲ್ಲಿ ಹರಾಮು. ನಮ್ಮ ಮನೆಯಲ್ಲಿ ಅಂಕಕ್ಕೆ ಎಂದು ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಎನ್ನುತ್ತಿದ್ದರು. ಕೇಳದೆ ಒಯ್ದವರನ್ನು ವಿಚಾರಿಸುತ್ತಿರಲಿಲ್ಲ. ಬಲಿಗೆ ಕೊಡುವುದರ ಬಗ್ಗೆಯೂ ಕೆಲವು ಮನೆಗಳಲ್ಲಿ ಇದೇ ಮಾತು; ಅವರು ಬುಟ್ಟಿ ಹೊತ್ತು ಬರುವ ಕೋಳಿ ವ್ಯಾಪಾರಿಗೇ ಕೊಟ್ಟುಬಿಡುತ್ತಿದ್ದರು. ಅವನೂ ಬ್ಯಾರಿಯೇ. ಅವನು ಒಯ್ದು ಅಲ್ಲಿಗೇ ಮಾರುತ್ತಾನೆಂದು ಎಲ್ಲರಿಗೂ ಗೊತ್ತು. ಇದನ್ನು ಕಪಟ ಎನ್ನಲು ನನಗೆ ಮನಸ್ಸಿಲ್ಲ. ಒಂದೇ ಊರಿನಲ್ಲಿ ಬದುಕುವವರು ಕೆಲವು ಪ್ರಶ್ನೆಗಳನ್ನು ಕೇಳದೆ ಬಿಡುತ್ತಾರೆ.

ಕಾನೂನುಗಳೂ ಬಂದವು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1960ರ ಕೇಂದ್ರ ಕಾಯಿದೆ ಪ್ರಾಣಿಗಳನ್ನು ಕಾದಾಡಿಸುವುದನ್ನು ಅಪರಾಧ ಮಾಡಿತು. 1968ರಲ್ಲಿ ಕೇರಳ ದೇವಸ್ಥಾನದ ವಠಾರದಲ್ಲಿ ಪ್ರಾಣಿ, ಪಕ್ಷಿ ಬಲಿ ನಿಷೇಧಿಸಿತು. ಅಂಕದ ಮೇಲೆ ದಾಳಿ ಮಾಡಿ ವಶಪಡಿಸಿಕೊಂಡ ಹುಂಜಗಳನ್ನು ಹರಾಜು ಹಾಕುವ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತದೆ. ಸರಕಾರವೇ ಹುಂಜಕ್ಕೆ ಗಿರಾಕಿ ಹುಡುಕುವ ಹಾಗಾಯಿತು!

ನಮ್ಮ ವ್ಯಾಪಾರಕ್ಕೆ ಪೆಟ್ಟು ಕೊಟ್ಟದ್ದು ಕಾನೂನಲ್ಲ, ಬ್ರಾಯ್ಲರ್. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಪ್ಪೆ ತೆಗೆದ ಕೋಳಿ ಸಿಗತೊಡಗಿದ ಮೇಲೆ ಮದುವೆಮನೆಗಳೂ ಅತ್ತ ಹೋದವು. ಗಲ್ಫಿನ ದುಡ್ಡು ಬಂತು, ಅಂಗಳಕ್ಕೆ ಇಂಟರ್‌ಲಾಕ್ ಬಂತು, ಕೋಳಿಗೂಡು ಹೋಯಿತು. ದೈವದ ಮನೆಯವರು ಮಾತ್ರ ಊರ ಹುಂಜವನ್ನೇ ಹುಡುಕುತ್ತ ಬರುತ್ತಿದ್ದರು. ಎಷ್ಟೋ ಬ್ಯಾರಿ ಮನೆಗಳಲ್ಲಿ ಗೂಡು ಉಳಿದದ್ದು ಅವರಿಂದ.

2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನನ್ನ ತಂಗಿ ಮನೆಯಲ್ಲಿ ಕೂತು ಸಣ್ಣ ಇನ್‌ಕ್ಯುಬೇಟರ್ ಇಟ್ಟಳು. ಒಮ್ಮೆಗೆ ಮೂವತ್ತು ಮೊಟ್ಟೆ, ಅಂದರೆ ಹುಂಜವೂ ಒಮ್ಮೆಗೇ ಹತ್ತು ಹನ್ನೆರಡು. ಮಂಗಳೂರಿಗೆ ಕಳಿಸಲು ದಾರಿಯಿಲ್ಲ. ವಾಟ್ಸಾಪಿನಲ್ಲಿ ಫೋಟೋ ಹಾಕಿದಳು, ಬಣ್ಣದ ಹೆಸರು ತುಳುವಿನಲ್ಲಿ ಬರೆದು. ಮೊದಲು ಫೋನ್ ಬಂದದ್ದು ಗದ್ದೆಯಾಚೆಯ ಮನೆಯಿಂದಲೇ. ಈಗ ಅವಳು ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿಯೇ ಕೊಡುತ್ತಾಳೆ, ಕೆಮ್ಮೈರೆಗೆ ಸ್ವಲ್ಪ ಜಾಸ್ತಿ. ಗೂಗಲ್ ಪೇ ಮಾಡಲೇ ಎಂದು ಕೇಳಿದರೆ ಬೇಡ ಎನ್ನುತ್ತಾಳೆ. ಆ ನಂಬರು ಗಂಡನ ಬ್ಯಾಂಕಿನದ್ದು. ಹುಂಜದ ದುಡ್ಡು ಅವಳಿಗೆ ನೋಟಿನಲ್ಲೇ ಬೇಕು.